ಗೇಣು ಕಡಿಮೆಯಾದ ಕಂಬಳಿ

ಅಮೆರಿಕದ ಬಾಥೆಲ್ ಊರಿನಲ್ಲಿ ನನ್ನ ಚಿಕ್ಕಪ್ಪನ ಮಗಳು ಗಿರಿಜಾಳ ಗ್ಯಾರೇಜಿನಲ್ಲಿ ಕಾರಿಲ್ಲ, ಮಗ್ಗವಿದೆ. ಹಳೆಯ ಯುದ್ಧಗಳನ್ನು ವೇಷ ಹಾಕಿ ಆಡಿ ತೋರಿಸುವ ಹವ್ಯಾಸಿಗಳಿಗಾಗಿ ಅವಳು ಅಂದಿನ ಸೈನಿಕರ ಕಂಬಳಿಯನ್ನು ಎಳೆ ಎಣಿಸಿ ಹಾಗೆಯೇ ನೇಯುತ್ತಾಳೆ.

ಇಂದು ಕಂಬಳಿ ಒಯ್ಯಲು ಬಂದ ಎತ್ತರದ ಮುದುಕ ತಣ್ಣನೆಯ ಸಿಮೆಂಟು ನೆಲದ ಮೇಲೆ ಮಲಗಿ, ಮುಖ ಮುಚ್ಚುವವರೆಗೂ ಅದನ್ನು ಎಳೆದುಕೊಂಡ. ಆಟದಲ್ಲಿ ಅವನದು ಸಾಯುವ ಪಾತ್ರವಂತೆ. ಕಾಲೆರಡೂ ಹೊರಗುಳಿದವು.

"ಇನ್ನೊಂದ್ ಗೇಣು ಉದ್ದ ನೇಯ್ಬೇಕಿತ್ತಲ್ಲ, ಗಿರಿಜಾ?" ಎಂದೆ.

"ಹಳೇ ಕಂಬಳಿ ಅಳತೀನ ಇಷ್ಟ್ ಐತಕ್ಕ. ಸತ್ತವ್ರನ್ನ ಇದ್ರಾಗ ಸುತ್ತಿ ಹೂಳ್ತಿದ್ರಂತ."

"ಪರ್ಫೆಕ್ಟ್!" ಎಂದಿತು ಕಂಬಳಿಯೊಳಗಿನ ದನಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅದು ಕಾಲು ಮಡಚಿಕೊಳ್ಳಬಲ್ಲವರಿಗೆ ಹೇಳುವ ಮಾತು.