ಕಾನೆಓಹೆಯ ಕೆಸು, ಅಜ್ಜಿಯ ಹುಳಿ

ಮನೆಯಲ್ಲಿ ಯಾರಾದರೂ ಫೋನು ಎತ್ತಿದರೆ ಇಂಟರ್ನೆಟ್ಟು ಸತ್ತುಹೋಗುತ್ತಿದ್ದ ಕಾಲ ಅದು. ಏನಾದರೂ ತಿಳಿಯಬೇಕಿದ್ದರೆ ಲೈಬ್ರರಿಗೆ ಹೋಗಿ ತಡಕಾಡಬೇಕಿತ್ತು, ಇಲ್ಲವೇ ಮನೆಯ ಹಿರಿಯರನ್ನು ಕೇಳಬೇಕಿತ್ತು. ಹಿರಿಯರು ಗೊತ್ತಿಲ್ಲದ್ದನ್ನೂ ಧೈರ್ಯವಾಗಿ ಹೇಳುತ್ತಿದ್ದರು. ನಾನಾಗ ಐದನೇ ಗ್ರೇಡು. ನಾವಿದ್ದದ್ದು ಕೆನಡಾದ ಸ್ಟ್ರೀಟ್ಸ್‌ವಿಲ್‌ನ ಒಂದು ಟೌನ್‌ಹೌಸಿನಲ್ಲಿ. ಅಪ್ಪ ಬೋಲ್ಟನ್ನಿನ ಗೋದಾಮಿನಲ್ಲಿ ಶಿಫ್ಟು ಮುಗಿಸಿ ಬೆಳಿಗ್ಗೆ ಬಂದು ಮಲಗುತ್ತಿದ್ದ. ಅಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟು. ಆ ವರ್ಷ ಜೂನಿನಲ್ಲಿ ಅಪ್ಪನ ಅಮ್ಮ, ನನ್ನ ಅಜ್ಜಿ, ಉಡುಪಿಯಿಂದ ಬಂದಿದ್ದಳು. ಮೊಮ್ಮಗಳನ್ನು ನೋಡಲು ಬಂದಿದ್ದಾಳೆ ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಅಜ್ಜಿಗೆ ಅಂಥ ಸೋಗು ಇರಲಿಲ್ಲ.

"ನಾನು ಬಂದದ್ದು ಹಿಮ ನೋಡ್ಲಿಕ್ಕೆ," ಎನ್ನುತ್ತಿದ್ದಳು. "ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ರೆ ಸಾಕು. ಮತ್ತೆ ನನ್ನನ್ನು ವಿಮಾನ ಹತ್ತಿಸಿ."

ಸೆಪ್ಟೆಂಬರಿನ ಕೊನೆಯಲ್ಲಿ ನಮ್ಮ ಟೀಚರು ಒಂದು ಟೋಪಿಯಲ್ಲಿ ಚೀಟಿಗಳನ್ನು ಹಾಕಿ ತಂದರು. ಒಂದೊಂದು ಚೀಟಿಯಲ್ಲಿ ಪ್ರಪಂಚದ ಒಂದೊಂದು ಊರು. ಆ ಊರಿನ ಭೂಗೋಳ, ಇತಿಹಾಸ ಎರಡನ್ನೂ ರಟ್ಟಿನ ಮೇಲೆ ಬರೆದು, ಕ್ಲಾಸಿನ ಮುಂದೆ ಐದು ನಿಮಿಷ ಮಾತಾಡಿ, ಅಲ್ಲಿನದೊಂದು ತಿಂಡಿಯ ರುಚಿಯನ್ನೂ ತೋರಿಸಬೇಕು. ನನ್ನ ಪಕ್ಕ ಕೂರುತ್ತಿದ್ದ ನೋರಾಳಿಗೆ ಇಟಲಿಯ ಊರು ಬಂತು. ಪಿಜ್ಜಾ ತಂದರೆ ಅವಳ ಕೆಲಸ ಮುಗಿಯಿತು. ನನಗೆ ಬಂದದ್ದು ಕಾನೆಓಹೆ. ಹವಾಯಿ ದ್ವೀಪಗಳಲ್ಲಿ ಹೊನೊಲುಲುವಿನ ಬೆಟ್ಟದಾಚೆಗಿನ ಒಂದು ಬಡಾವಣೆ ಊರು. ಮನೆಗೆ ಬಂದು ಬ್ಯಾಗು ಬಿಸಾಡಿ ಅತ್ತೆ.

ಲೈಬ್ರರಿಯಲ್ಲಿ ಸಿಕ್ಕಿದ್ದು ಒಂದೇ ಪುಸ್ತಕ. ಅದರಲ್ಲಿ ಎರಡು ಪುಟ, ನಾಲ್ಕು ಫೋಟೋ. ಸಂಜೆ ಅದನ್ನು ಊಟದ ಮೇಜಿನ ಮೇಲೆ ಹರಡಿ ಕುಳಿತಿದ್ದಾಗ ಅಜ್ಜಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ನೀರು ನಿಂತ ಚೌಕ ಚೌಕ ಗದ್ದೆಗಳು, ಅಂಚಿನಲ್ಲಿ ಬದು, ಒಳಗೆ ಆನೆಕಿವಿಯಂಥ ಎಲೆಗಳು.

"ಇದು ಕೆಸು ಅಲ್ವಾ?" ಎಂದಳು. "ಹೌದು ಮಾರಾಯ್ತಿ, ಕೆಸುವೇ! ನಮ್ಮಲ್ಲಿ ಬಚ್ಚಲ ನೀರಿಗೆ ತನ್ನಷ್ಟಕ್ಕೆ ಹುಟ್ತದೆ, ಇವರು ಗದ್ದೆ ಮಾಡಿ ಬೆಳೆಸ್ತಾರೆ. ಎಂತ ಮರ್ಯಾದೆ ನೋಡು ಕೆಸುವಿಗೆ!"

ಆ ಕ್ಷಣದಿಂದ ಕಾನೆಓಹೆ ಅವಳ ಊರಾಯಿತು. ರಟ್ಟಿನ ಮೇಲೆ ಅಂಟಿಸಲು, ಗೋಡೆಯ ಹಾಗೆ ನೆಟ್ಟಗೆ ನಿಂತ ಕೂಲಾವ್ ಬೆಟ್ಟಸಾಲಿಗೆ ತನ್ನ ಹಳೆಯ ಹಸಿರು ರವಿಕೆಯ ಬಟ್ಟೆ ಕತ್ತರಿಸಿ ಕೊಟ್ಟಳು. ಸಮುದ್ರದ ಗಾಳಿ ಆ ಬೆಟ್ಟಕ್ಕೆ ಹೊಡೆದು ಮಳೆ ಸುರಿಸುತ್ತದೆ ಎಂದು ನಾನು ಓದಿ ಹೇಳಿದರೆ, "ಗೊತ್ತುಂಟು, ನಮ್ಮ ಘಟ್ಟವೂ ಅದನ್ನೇ ಮಾಡುವುದು," ಎಂದಳು. ಕೊಲ್ಲಿಯ ದಡದಲ್ಲಿ ಹಿಂದಿನವರು ಕಲ್ಲು ಪೇರಿಸಿ ಕಟ್ಟಿದ ಮೀನಿನ ಕೊಳಗಳನ್ನು ನಾವು ತೊಗರಿಬೇಳೆ ಅಂಟಿಸಿ ಮಾಡಿದೆವು. ಊರಿನ ಹೆಸರಿಗೆ ಬಿದಿರು ಗಂಡಸು ಎಂಬ ಅರ್ಥವಂತೆ, ಗಂಡನ ಕ್ರೌರ್ಯವನ್ನು ಬಿದಿರಿನ ಚೂರಿಯ ಅಲಗಿಗೆ ಹೋಲಿಸಿದ ಹೆಂಗಸಿನ ಕತೆಯೊಂದು ಅದರ ಹಿಂದೆ ಇದೆಯಂತೆ. ಅದನ್ನು ಕೇಳಿ ಅಜ್ಜಿ, "ಅಂಥವ ಎಲ್ಲ ಊರಲ್ಲೂ ಒಬ್ಬ ಇರ್ತಾನೆ, ಪಾಪ ಅವಳು," ಎಂದು ನಿಟ್ಟುಸಿರುಬಿಟ್ಟಳು.

ಇತಿಹಾಸ ಮಾತ್ರ ಅವಳಿಗೆ ಸರಿಬರಲಿಲ್ಲ. ಕೆಸುವಿನ ಗದ್ದೆಗಳಲ್ಲಿ ಆಮೇಲೆ ಭತ್ತ ಬಂತು, ಗುಡ್ಡದ ಮೇಲೆ ಅನಾನಸು ಬಂತು, ಕೊನೆಗೆ ಬೆಟ್ಟ ಕೊರೆದು ರಸ್ತೆ ಮಾಡಿದ ಮೇಲೆ ಎಲ್ಲಿ ನೋಡಿದರೂ ಮನೆಗಳೇ ಬಂದವು.

"ಗದ್ದೆ ಎಲ್ಲಿ ಹೋಯ್ತು?"

"ಮನೆಗಳ ಕೆಳಗೆ."

ಶಿಫ್ಟಿಗೆ ಹೊರಡುತ್ತಿದ್ದ ಅಪ್ಪ ಶೂ ಲೇಸು ಕಟ್ಟುತ್ತ ಹೇಳಿದ: "ಅಮ್ಮ, ನಾವಿದ್ದೇವಲ್ಲ, ಇಲ್ಲಿಯೂ ಮೊದಲು ಸೇಬಿನ ತೋಟ ಇತ್ತಂತೆ." ಅಜ್ಜಿ ಕಾಲಕೆಳಗಿನ ಕಾರ್ಪೆಟ್ಟನ್ನು ಸ್ವಲ್ಪ ಹೊತ್ತು ನೋಡಿದಳು.

ತಿಂಡಿ ಯಾವುದೆಂಬ ಪ್ರಶ್ನೆಯೇ ಇರಲಿಲ್ಲ. ಹವಾಯಿಯವರು ಕೆಸುವಿನ ಗಡ್ಡೆ ಬೇಯಿಸಿ ಜಜ್ಜಿ ಪೋಯಿ ಎಂಬ ಅಂಟಿನಂಥ ಹಿಟ್ಟು ಮಾಡುತ್ತಾರೆ. ಭಾನುವಾರ ಅಪ್ಪ ನಿದ್ದೆಗೆಟ್ಟು, ನಮ್ಮ ಕಡೆಯ ಸಾಮಾನು ಸಿಗುವ ಜೆರಾರ್ಡ್ ಬಜಾರಿಗೆ ಕಾರು ಓಡಿಸಿದ. ಅಂಗಡಿಯಲ್ಲಿ ಅಜ್ಜಿ ಒಂದೊಂದೇ ಗಡ್ಡೆಯನ್ನು ಉಗುರಿನಿಂದ ಕೆರೆದು ನೋಡಿ ಆರಿಸಿದಳು. ತಿಂಡಿಗೆ ಏನೇನು ಹಾಕಿದೆ ಎಂದು ಬರೆದು ಮನೆಯವರ ಸಹಿ ತರಬೇಕೆಂಬ ನಿಯಮವಿತ್ತು. ಅಪ್ಪ ಚೀಟಿಯಲ್ಲಿ ಕೆಸು, ಹುಣಸೆಹುಳಿ, ಉಪ್ಪು ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದ.

ಜಗಳ ಶುರುವಾದದ್ದು ಹುಳಿಯಿಂದ. ನಾನು ಮಾತಾಡಬೇಕಿದ್ದ ದಿನದ ಹಿಂದಿನ ಸಂಜೆ ಅಜ್ಜಿ ಗಡ್ಡೆಗಳನ್ನು ಹುಳಿನೀರಿನಲ್ಲಿ ತುಂಬ ಹೊತ್ತು ಕುದಿಸಿ, ಜಜ್ಜಿ, ಡಬ್ಬಿಗೆ ತುಂಬಿದಳು. ಬಣ್ಣ ಕಂದು, ವಾಸನೆ ನಮ್ಮ ಮನೆಯ ಸಾರಿನದು. ನಾನು ಸಿಟ್ಟಿನಿಂದ ಕುಣಿದಾಡಿದೆ.

"ಅವರು ಹುಳಿ ಹಾಕುವುದಿಲ್ಲ! ಪುಸ್ತಕದಲ್ಲಿ ಇಲ್ಲ! ಇದು ರಾಂಗು!"

"ಹುಳಿ ಹಾಕದಿದ್ರೆ ಗಂಟಲು ತುರಿಸ್ತದೆ ಮಗಾ. ಅವರಿಗೆ ಅವರ ಲೆಕ್ಕ ಗೊತ್ತಿರ್ತದೆ, ಎಷ್ಟು ಹೊತ್ತು ಬೇಯಿಸ್ತಾರೋ ಏನೋ. ನಮಗೆ ಗೊತ್ತಿರುವುದು ಹುಳಿ."

"ಎಲ್ಲರೂ ಮೂಗು ಮುಚ್ಚುತ್ತಾರೆ."

ಇದು ನಿಜವಾದ ಕಾರಣ. ಹವಾಯಿಯ ಮೇಲಿನ ನಿಷ್ಠೆ ಎಲ್ಲ ಬರೀ ಬುರುಡೆ. ಊಟದ ಡಬ್ಬಿ ತೆರೆದಾಗ ಪಕ್ಕದವರು ಸರಿದು ಕೂರುವುದನ್ನು ನಾನು ನಾಲ್ಕು ವರ್ಷ ನೋಡಿದ್ದೆ.

ಬೆಳಿಗ್ಗೆ ಅಮ್ಮ ಕೆಲಸಕ್ಕೆ ಹೋಗಿದ್ದಳು, ಅಪ್ಪ ಬಂದು ಮಲಗಿದ್ದ, ಅಜ್ಜಿ ಸ್ನಾನಕ್ಕೆ ಹೋದಳು. ಉಳಿದಿದ್ದ ಮೂರು ಗಡ್ಡೆಗಳನ್ನು ತೆಗೆದು ಸಿಪ್ಪೆ ಹೆರೆದೆ, ತುಂಡು ಮಾಡಿ ಮೈಕ್ರೋವೇವಿನಲ್ಲಿಟ್ಟೆ. ಚಮಚದಿಂದ ಒತ್ತಿದರೆ ನಡುವಿನಲ್ಲಿ ಇನ್ನೂ ಗಟ್ಟಿ ಇತ್ತು. ಸ್ನಾನದ ಮನೆಯ ನೀರಿನ ಸದ್ದು ನಿಂತಿತು. ಹಾಗೆಯೇ ಜಜ್ಜಿ ಉಪ್ಪು ಹಾಕಿ ಇನ್ನೊಂದು ಡಬ್ಬಿಗೆ ತುಂಬಿದೆ, ಅಜ್ಜಿಯ ಡಬ್ಬಿಯನ್ನು ಫ್ರಿಜ್ಜಿನ ಹಿಂದಿನ ಸಾಲಿಗೆ ತಳ್ಳಿದೆ. ಬೂದು ಬಿಳುಪಿನ ಮುದ್ದೆ, ಯಾವ ವಾಸನೆಯೂ ಇಲ್ಲ. ಬಹಳ ಹೆಮ್ಮೆಯಾಯಿತು.

ಶಾಲೆಯ ದಾರಿಯಲ್ಲಿ ಅಂಗೈ ತುರಿಸತೊಡಗಿತು. ಕ್ಲಾಸು ಮುಟ್ಟುವಷ್ಟರಲ್ಲಿ ಬೆರಳ ಸಂದುಗಳೆಲ್ಲ ಕೆಂಪು. ಸ್ವೆಟರಿನ ತೋಳು ಎಳೆದು ಕೈ ಮುಚ್ಚಿಕೊಂಡೆ. ಡಬ್ಬಿ ಕೆಳಗೆ ಬಿದ್ದುಹೋಯಿತು ಎಂದು ಸುಳ್ಳು ಹೇಳಬಹುದಿತ್ತು. ನಿಜ ಹೇಳಬಹುದಿತ್ತು. ನನ್ನ ಹೆಸರು ಕರೆದರು, ಎದ್ದು ಹೋದೆ.

ಬೆಟ್ಟ, ಕೊಲ್ಲಿ, ಮೀನಿನ ಕೊಳ, ಗದ್ದೆ, ರಸ್ತೆ, ಮನೆ ಎಲ್ಲವನ್ನೂ ಉಸಿರು ಕಟ್ಟಿ ಹೇಳಿ ಮುಗಿಸಿದೆ. ಚಪ್ಪಾಳೆ ಬಿತ್ತು. ಟೀಚರು ಡಬ್ಬಿ ತೆರೆದು ಚಮಚ ಹಂಚಿದರು. ಮುದ್ದೆಯನ್ನು ನೋಡಿ ಹೆಚ್ಚಿನವರು ಬೇಡವೆಂದು ತಲೆಯಾಡಿಸಿಬಿಟ್ಟರು. ಟೀಚರೂ ಆಮೇಲೆ ನೋಡೋಣ ಎಂದರು. ಮುಂದೆ ಬಂದವಳು ನೋರಾ ಒಬ್ಬಳೇ. ನನಗೆ ಬೇಸರವಾಗಬಾರದೆಂದು ದೊಡ್ಡ ಎರಡು ಚಮಚ ತಿಂದು, "ಚೆನ್ನಾಗಿದೆ!" ಎಂದಳು. ನಾನು ತಿನ್ನಲಿಲ್ಲ. ಯಾಕೆ ತಿನ್ನಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ನಿಮಿಷವೂ ಆಗಿರಲಿಲ್ಲ. ನೋರಾ ಕತ್ತು ಹಿಡಿದುಕೊಂಡಳು. ತುಟಿ ಕೆಂಪಾಗಿ ದಪ್ಪವಾಯಿತು, ಕಣ್ಣಲ್ಲಿ ನೀರು ಸುರಿಯಿತು, "ಗಂಟಲಲ್ಲಿ ಮುಳ್ಳು, ಮುಳ್ಳು," ಎಂದು ಅಳತೊಡಗಿದಳು. ಟೀಚರು ಅವಳನ್ನು ಆಫೀಸಿಗೆ ಕರೆದೊಯ್ದರು, ನನಗೂ ಹಿಂದೆ ಬಾ ಎಂದರು. ಯಾರೋ ಆ್ಯಂಬುಲೆನ್ಸಿಗೆ ಫೋನು ಮಾಡಿದರು. ಯಾರೋ ನೋರಾಳ ಅಮ್ಮನಿಗೆ, ಯಾರೋ ನನ್ನ ಮನೆಗೆ. ಟೀಚರು ನನ್ನ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟು, ಅಪ್ಪ ಬರೆದ ಚೀಟಿಯನ್ನು ಹಿಡಿದು ಮತ್ತೆ ಮತ್ತೆ ಓದುತ್ತಿದ್ದರು.

"ಹುಣಸೆಹಣ್ಣು," ಎಂದರು ಆಫೀಸಿನವರಿಗೆ. "ಅವಳು ಯಾವತ್ತೂ ತಿಂದಿರಲಿಕ್ಕಿಲ್ಲ. ಅದಕ್ಕೇ ಅಲರ್ಜಿ ಆಗಿರಬೇಕು."

ಅದರಲ್ಲಿ ಹುಳಿಯೇ ಇಲ್ಲ ಎನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಆ್ಯಂಬುಲೆನ್ಸಿನವರು ಬಂದರು, ಏನು ತಿಂದಳು ಎಂದು ಕೇಳಿದರು, ಚೀಟಿ ಓದಿದರು. ಆಗಲೂ ಹೇಳಲಿಲ್ಲ. ತಪ್ಪು ಮಾಹಿತಿಯ ಮೇಲೆ ತಪ್ಪು ಔಷಧಿ ಕೊಟ್ಟು ನೋರಾ ಸತ್ತುಹೋದರೆ ಎಂದು ಹೆದರಿದ್ದೆ. ಆದರೂ ಬಾಯಿ ತೆರೆಯಲಿಲ್ಲ. ಹತ್ತು ವರ್ಷದ ಹುಡುಗಿಯ ಹೇಡಿತನಕ್ಕೆ ಮಿತಿಯೇ ಇಲ್ಲ ಎಂಬುದು ನನಗೆ ಆವತ್ತು ತಿಳಿಯಿತು.

ಅಷ್ಟರಲ್ಲಿ ಅಪ್ಪ ಬಂದ. ನಿದ್ದೆಯ ಕಣ್ಣು, ಪೈಜಾಮದ ಮೇಲೆ ಜಾಕೆಟ್ಟು. ಅಡುಗೆ ಮಾಡಿದವರು ಯಾರೋ ಅವರನ್ನೂ ಕರೆತನ್ನಿ ಎಂದು ಫೋನಿನಲ್ಲಿ ಹೇಳಿದ್ದರಿಂದ ಅಜ್ಜಿಯೂ ಬಂದಿದ್ದಳು, ಸೀರೆಯ ಮೇಲೆ ಅಪ್ಪನದೇ ಒಂದು ದೊಡ್ಡ ಕೋಟು. ಅವಳು ನೇರವಾಗಿ ಮೇಜಿನ ಮೇಲಿದ್ದ ಡಬ್ಬಿಯತ್ತ ಹೋದಳು. ಡಬ್ಬಿ ಅವಳದ್ದಲ್ಲ. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಗೆಗೆ ಮುಟ್ಟಿಸಿದಳು. ಆಮೇಲೆ ತಿರುಗಿ ನನ್ನನ್ನು ನೋಡಿದಳು. ನನ್ನ ಮುಖ ನೋಡಲಿಲ್ಲ, ಸ್ವೆಟರಿನ ತೋಳಿನಿಂದ ಹೊರಬಂದಿದ್ದ ಬೆರಳುಗಳನ್ನು ನೋಡಿದಳು.

"ಮಗಾ," ಎಂದಳು ಅಪ್ಪನಿಗೆ, "ಇವರಿಗೆ ಬೇಗ ಹೇಳು. ಇದರಲ್ಲಿ ಹುಳಿ ಇಲ್ಲ. ಹಾಕ್ಲಿಕ್ಕೆ ನಾನು ಮರ್ತೆ. ಸರಿ ಬೇಯಲೂ ಇಲ್ಲ. ಇದು ಕೆಸುವಿನ ತುರಿಕೆ, ಬೇರೆ ಎಂತದೂ ಅಲ್ಲ."

"ಎಂತ ಹೇಳ್ತಿದ್ದಿ ಅಮ್ಮ? ನೀನು ಮರ್ತದ್ದಾ?"

"ಹೌದು. ಪ್ರಾಯ ಆಯ್ತಲ್ಲ. ಹೇಳು ನೀನು."

ಅಪ್ಪ ತಲೆತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದ. ಆ್ಯಂಬುಲೆನ್ಸಿನವರು ತಲೆಯಾಡಿಸಿ ನೋರಾಳ ಬಾಯೊಳಗೆ ಮತ್ತೊಮ್ಮೆ ಟಾರ್ಚು ಬಿಟ್ಟು ನೋಡಿದರು, ತಣ್ಣಗಿನ ಹಾಲು ಕುಡಿಸಿದರು. ಉಸಿರಾಟ ಸರಿಯಾಗಿಯೇ ಇತ್ತು. ಆದರೂ ನೋಡಿಬಿಡೋಣ ಎಂದು ಆಸ್ಪತ್ರೆಗೆ ಕರೆದೊಯ್ದರು. ಸಂಜೆಗೆ ಅವಳು ಮನೆಯಲ್ಲಿ ಐಸ್‌ಕ್ರೀಮು ತಿನ್ನುತ್ತಿದ್ದಳು. ಅವರು ಆಸ್ಪತ್ರೆಗೆ ಹೊರಡುವ ಮೊದಲು ಅಜ್ಜಿ ಆಫೀಸಿನಲ್ಲಿ, ಓಡಿಬಂದಿದ್ದ ನೋರಾಳ ಅಮ್ಮನೆದುರು ಎರಡೂ ಕೈ ಮುಗಿದು ನಿಂತಿದ್ದಳು. ಎಪ್ಪತ್ತು ವರ್ಷದಲ್ಲಿ ಕೆಸು ಬೇಯಿಸಿ ಒಬ್ಬರ ಗಂಟಲನ್ನೂ ತುರಿಸದವಳು.

ಮನೆಗೆ ಬಂದ ಮೇಲೆ ಅಜ್ಜಿ ನನ್ನ ಕೈಗೆ ಹುಳಿನೀರು ತಿಕ್ಕಿ, ತೊಳೆದು, ತೆಂಗಿನೆಣ್ಣೆ ಹಚ್ಚಿದಳು. ಫ್ರಿಜ್ಜಿನ ಹಿಂದಿನ ಸಾಲಿನಿಂದ ತನ್ನ ಡಬ್ಬಿ ತೆಗೆದು ಕಸದ ಬುಟ್ಟಿಗೆ ಖಾಲಿ ಮಾಡಿ, ಅದನ್ನು ಯಾರೂ ನೋಡುವ ಮೊದಲೇ ತೊಳೆದಿಟ್ಟಳು.

ಆಮೇಲಿನ ದಿನಗಳು ಅದಕ್ಕಿಂತ ಕೆಟ್ಟವು. ಹಿಂದಿನ ಸಂಜೆ ಅಜ್ಜಿ ಹುಳಿ ಹಿಂಡುತ್ತಿದ್ದದ್ದನ್ನು ಅಮ್ಮ ಕಣ್ಣಾರೆ ಕಂಡಿದ್ದಳು. "ಹಾಕಿದ್ದನ್ನೇ ಹಾಕಿಲ್ಲ ಅಂತಾರೆ, ಹಿಂಡಿದ ಹುಳಿ ಎಲ್ಲಿ ಹಾಕಿದ್ದು ಅಂತಲೂ ಅವರಿಗೆ ಗೊತ್ತಿಲ್ಲ," ಎಂದು ಅಪ್ಪನ ಬಳಿ ಪಿಸುಗುಟ್ಟಿದಳು. ಮರೆವಿನ ಕಾಯಿಲೆ ಎಂಬ ಮಾತು ಮನೆಯೊಳಗೆ ಬಂತು. ಮೊದಲು ಮೆಲ್ಲಗೆ, ಆಮೇಲೆ ಅಜ್ಜಿಯ ಎದುರೇ.

"ಅತ್ತೆ, ನಾವಿಲ್ಲದಾಗ ನೀವು ಒಲೆ ಹಚ್ಚುವುದು ಬೇಡ," ಎಂದಳು ಅಮ್ಮ. ಕೋಪದಿಂದ ಹೇಳಿದ್ದಲ್ಲ, ಭಯದಿಂದ. "ಇಲ್ಲಿ ಎಂತಾದ್ರೂ ಆದ್ರೆ ಕಷ್ಟ."

"ಆಯ್ತು," ಎಂದಳು ಅಜ್ಜಿ.

ಅವಳು ಮಧ್ಯಾಹ್ನ ತಣ್ಣಗಿನ ಅನ್ನ ತಿನ್ನತೊಡಗಿದಳು. ನಾನು ಶಾಲೆಯಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ಹರಡುತ್ತಿದ್ದ ಒಗ್ಗರಣೆಯ ಪರಿಮಳ ನಿಂತುಹೋಯಿತು. ಮಾರ್ಚಿನವರೆಗೆ ವೀಸಾ ಮುಂದುವರಿಸಲೆಂದು ತುಂಬಿಟ್ಟಿದ್ದ ಅರ್ಜಿಯನ್ನು ಅಪ್ಪ ಕಳಿಸಲಿಲ್ಲ. ಹಗಲೆಲ್ಲ ಅವಳನ್ನು ನೋಡಿಕೊಳ್ಳುವವರು ಯಾರು? ಉಡುಪಿಯಲ್ಲಾದರೆ ಅಪ್ಪನ ತಂಗಿಯ ಮನೆ ತುಂಬ ಜನ. ಟಿಕೆಟ್ಟು ನವೆಂಬರಿನ ಮೊದಲ ವಾರಕ್ಕೆ ಬದಲಾಯಿತು. ಇಷ್ಟೆಲ್ಲ ಆಗಲು ಮೂರು ವಾರ ಹಿಡಿಯಿತು, ಆ ಮೂರು ವಾರದಲ್ಲಿ ಪ್ರತಿದಿನ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಎದ್ದೆ. ಪ್ರತಿ ಸಂಜೆ ಅಪ್ಪನ ಮುಖ ನೋಡಿ ಸುಮ್ಮನಾದೆ.

ವಿಮಾನ ನಿಲ್ದಾಣದಲ್ಲಿ ಅಪ್ಪ ಅಮ್ಮ ಸಾಮಾನು ತೂಗಿಸಲು ಹೋದಾಗ ಅಜ್ಜಿಯ ಕೋಟಿಗೆ ಮುಖ ಒತ್ತಿ ಶುರುಮಾಡಿದೆ: "ಅಜ್ಜಿ, ಅವತ್ತು ಡಬ್ಬಿ..."

"ಗೊತ್ತುಂಟು," ಎಂದಳು. ನನ್ನ ಅಂಗೈ ಬಿಡಿಸಿ ನೋಡಿ, "ತುರಿಕೆ ಪೂರ್ತಿ ಹೋಯ್ತಲ್ಲ?" ಎಂದು ಕೇಳಿದಳು.

ಅವಳು ಹೋದ ಹನ್ನೆರಡನೇ ದಿನ ಹಿಮ ಬಿತ್ತು.

ಅಜ್ಜಿ ಆಮೇಲೆ ಒಂಬತ್ತು ವರ್ಷ ಬದುಕಿದ್ದಳು. ಫೋನಿನಲ್ಲಿ ನನ್ನ ಪ್ರತಿ ಪರೀಕ್ಷೆಯ ಹೆಸರು ಹಿಡಿದು ಕೇಳುತ್ತಿದ್ದಳು, ನೋರಾ ಹೇಗಿದ್ದಾಳೆ ಎನ್ನಲು ಒಮ್ಮೆಯೂ ತಪ್ಪಲಿಲ್ಲ. ಆದರೂ ನಮ್ಮ ಮನೆಯಲ್ಲಿ ಒಂದು ಇತಿಹಾಸ ಗಟ್ಟಿಯಾಗಿಬಿಟ್ಟಿತ್ತು. ತನ್ನ ಅಮ್ಮನಿಗೆ ಮರೆವು ಶುರುವಾದದ್ದು ಕೆನಡಾದಲ್ಲಿ, ಆ ಹವಾಯಿಯ ಗಲಾಟೆಯ ದಿನ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಈಗ ಎಲ್ಲ ಅಂಗಡಿಗಳಲ್ಲೂ ಕೆಸುವಿನ ಎಲೆ ಸಿಗುತ್ತದೆ, ಹೆಪ್ಪುಗಟ್ಟಿಸಿದ ಪತ್ರೊಡೆಯೂ ಸಿಗುತ್ತದೆ. ನನ್ನ ಮಗಳ ಡಬ್ಬಿ ನೋಡಿ ಯಾರೂ ಸರಿದು ಕೂರುವುದಿಲ್ಲ. ಇಷ್ಟು ಸಣ್ಣದಕ್ಕಾಗಿ ನಾನು ಅಷ್ಟು ದೊಡ್ಡದನ್ನು ಕೊಟ್ಟೆನಲ್ಲ ಎಂದು ಈಗಲೂ ಅನಿಸುತ್ತದೆ.

ಕಳೆದ ಚಳಿಗಾಲದಲ್ಲಿ ಅದೇ ಹಳೆಯ ಮನೆಯಲ್ಲಿ ಅಪ್ಪ ಕಾರಿನ ಕೀಲಿ ಎಲ್ಲೋ ಇಟ್ಟು ಹುಡುಕುತ್ತಿದ್ದ. "ನನಗೂ ಬಂತು ನೋಡು, ಅಮ್ಮನ ಕಾಯಿಲೆ," ಎಂದು ನಕ್ಕ. ಅವನಿಗೂ ಈಗ ಎಪ್ಪತ್ತು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಅಡುಗೆಮನೆಯಲ್ಲಿ ನಿಂತು ಮೈಕ್ರೋವೇವಿನಿಂದ ಹಿಡಿದು ವಿಮಾನ ನಿಲ್ದಾಣದವರೆಗೆ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತ. ಕಿಟಕಿಯಾಚೆ ನಮ್ಮ ಡ್ರೈವ್‌ವೇ, ಎದುರುಮನೆಯ ಸೂರು, ಒಂದು ಕಾಲದ ಸೇಬಿನ ತೋಟದ ಮೇಲೆ ಎಲ್ಲೆಡೆ ಹಿಮ ಬೀಳುತ್ತಿತ್ತು. ಅವನು ಅದರತ್ತ ಕೈ ತೋರಿಸಿದ.

"ಹಾಗಾದ್ರೆ," ಎಂದ, "ಅಮ್ಮ ಇದನ್ನು ನೋಡದೆ ಹೋದದ್ದು ಸುಮ್ಮನೆಯಾ?"

ಹೌದು ಎಂದೆ.