ಚೀಟಿ ಸುಟ್ಟವನಿಗೆ ನಾಂಗೋಬಿ ಕೇಳಿದ ಪ್ರಶ್ನೆಗಳು

ಬುಸೋಗ ಎಂಬ ಕಬ್ಬಿನ ಸೀಮೆಯ ಆರೋಗ್ಯ ಕೇಂದ್ರಕ್ಕೆ ನಾಂಗೋಬಿ ಇಂಜೆಕ್ಷನ್ ಕೊಡುವ ಕೆಲಸಕ್ಕೆ ಸೇರಿದ್ದು ತಂಗಿ ತಿಬಿತ ಸತ್ತ ಮೇಲೆ. ಸೇವೆಯ ಹುಮ್ಮಸ್ಸೇನೂ ಇರಲಿಲ್ಲ. ಹೊಟ್ಟೆಯಲ್ಲಿ ಸಿಟ್ಟು ಉರಿಯುತ್ತಿತ್ತು, ಅಷ್ಟೆ.

ತಿಬಿತಳ ಆರನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹರಿದಿತ್ತು. ಇನ್ನೊಂದಾದರೆ ಜೀವ ಉಳಿಯದು ಎಂದು ದಾದಿ ಎಚ್ಚರಿಸಿದ್ದಳು. ತಿಬಿತ ಗಂಡನಿಗೆ ತಿಳಿಯದಂತೆ ಮೂರು ತಿಂಗಳಿಗೊಮ್ಮೆ ಬಸಿರು ತಡೆಯುವ ಸೂಜಿ ಹಾಕಿಸಿಕೊಳ್ಳತೊಡಗಿದಳು. ಅದರ ತಾರೀಕು ಬರೆದ ಚೀಟಿ ಹೇಗೋ ಗಂಡ ಬಲಿಕೋವನ ಕೈಗೆ ಸಿಕ್ಕಿತು. "ನನ್ ಮನೆತನ ಬೆಳೆಯೋದು ನಿಂಗ್ ಬೇಡ್ವೇನೇ?" ಎಂದು ಹೊಡೆದು, ಚೀಟಿಯನ್ನು ಒಲೆಗೆ ಹಾಕಿದ. ಏಳನೆಯ ಹೆರಿಗೆಗೆ ಆಸ್ಪತ್ರೆಗೆ ಒಯ್ಯುವಾಗ ಬಾಡಿಗೆ ಬೈಕಿನ ಮೇಲೆಯೇ ತಿಬಿತ ಸತ್ತಳು. ಮಗುವೂ ಉಳಿಯಲಿಲ್ಲ.

ವರ್ಷ ತುಂಬುವ ಮೊದಲೇ ಬಲಿಕೋವ ನೈಗಾಗ ಎಂಬ ಹತ್ತೊಂಬತ್ತರ ಹುಡುಗಿಯನ್ನು ಕಟ್ಟಿಕೊಂಡ. ಎರಡನೆಯ ವಾರವೇ ಅವಳು ನಾಂಗೋಬಿಯ ಮುಂದೆ ಬಂದು ನಿಂತಳು.

"ಆ ಮನೇಲಿ ಆಗ್ಲೇ ಆರು ಮಕ್ಳಿಗೆ ಬೇಯಿಸ್ತಿದೀನಿ, ಅಕ್ಕಾ. ನಂಗೆ ಈಗ್ಲೇ ಬೇಡ."

ನಾಂಗೋಬಿ ಅವಳ ಚೀಟಿಯನ್ನು ತನ್ನ ಪೆಟ್ಟಿಗೆಯಲ್ಲೇ ಬೀಗ ಹಾಕಿಟ್ಟಳು. ಪ್ರತಿ ಸಲ ಸೂಜಿ ಚುಚ್ಚುವಾಗ ಬಲಿಕೋವನಿಗೇ ಚುಚ್ಚಿದಷ್ಟು ಹಿತವಾಗುತ್ತಿತ್ತು.

ಎರಡು ವರ್ಷ ಕಳೆಯಿತು. ರಾಗಿ ಹೆಂಡದ ಗಡಿಗೆಯ ಸುತ್ತ ಕೂತಾಗ ಬಲಿಕೋವನ ಗೆಳೆಯರು, "ಏನಯ್ಯ, ಬಾವಿ ಬತ್ತೋಯ್ತಾ?" ಎಂದು ಛೇಡಿಸತೊಡಗಿದರು. ನಾಟಿ ವೈದ್ಯನಿಗೆ ಮೂರು ಹುಂಜ ಕೊಟ್ಟರೂ ಫಲ ಕಾಣದೆ ಬಲಿಕೋವ ಕೊನೆಗೆ ಮದ್ದು ಕೇಳಲು ಆರೋಗ್ಯ ಕೇಂದ್ರಕ್ಕೆ, ನಾಂಗೋಬಿಯ ಬಾಗಿಲಿಗೇ ಬಂದ. ಅವಳು ಅವನನ್ನು ಹೆಂಗಸರ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂರಿಸಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ವಿಚಾರಿಸಿದಳು.

"ಮೊದಲ್ನೇ ಹೆಂಡ್ತಿ ಹೆಸ್ರೇನು?"

"ನಿಮ್ಗೇ ಗೊತ್ತಲ್ಲ, ಅಕ್ಕಾ."

"ನೀನೇ ಹೇಳ್ಬೇಕು."

"ತಿಬಿತ."

"ಹೆರಿಗೆ ಎಷ್ಟು?"

"ಏಳು."

"ಆರಕ್ಕೇ ನಿಲ್ಲಿಸ್ಬೇಕು ಅಂತ ಒಂದು ಚೀಟಿ ಇತ್ತಲ್ಲ, ಅದೇನಾಯ್ತು?"

ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಅವನತ್ತ ತಿರುಗಿದರು. ಅವನು ಬೆವರು ಒರೆಸಿಕೊಂಡ.

"ಸುಟ್ಟೋಯ್ತು."

"ತಾನಾಗೇ ಸುಟ್ಟೋಯ್ತಾ?"

"ನಾನೇ ಸುಟ್ಟೆ."

ಸೂಜಿಯ ನಿಜ ಸಂಗತಿ ಹೇಳಿಬಿಡಲು ನಾಂಗೋಬಿಯ ನಾಲಿಗೆ ತುರಿಸಿತು. ಹೇಳಿದರೆ ಏಟು ಬೀಳುವುದು ನೈಗಾಗಳಿಗೆ. ಮಾತು ನುಂಗಿಕೊಂಡು, "ನಿಂಗೆ ನನ್ ಹತ್ರ ಮದ್ದಿಲ್ಲ. ಎದ್ದು ಹೋಗು" ಎಂದಳು. ಅಂದಿನಿಂದ ಊರ ಹೆಂಗಸರ ಬಾಯಲ್ಲಿ ಅವನು 'ಚೀಟಿ ಸುಟ್ಟವ'ನೇ ಆದ.

ಮುಂದಿನ ವರ್ಷ ನೈಗಾಗ, "ಈಗ ನಂಗೊಂದು ಮಗು ಬೇಕು, ಅಕ್ಕಾ" ಎಂದಳು. ತುಂಬಿಟ್ಟ ಸೂಜಿ ನಾಂಗೋಬಿಯ ಕೈಯಲ್ಲೇ ಇತ್ತು. ಬಹಳ ಹೊತ್ತು ಹಿಡಿದು ನಿಂತಿದ್ದು, ಕೆಳಗಿಟ್ಟಳು. ಮಗು ಹುಟ್ಟಿತು, ಬಲಿಕೋವ ಊರೆಲ್ಲ ಬೀಗುತ್ತ ತಿರುಗಿದ. ನಾಂಗೋಬಿ ಬಾಣಂತಿಗೆ ಶೇಂಗಾ, ಗೆಣಸು ಕಳಿಸಿಕೊಟ್ಟಳು. ಅವನ ಅಂಗಳಕ್ಕೆ ಮಾತ್ರ ಕಾಲಿಡಲಿಲ್ಲ.