ಬಿಲ್ವಪತ್ರೆಯನ್ನೂ ತಿಂದ ನಮ್ಮ ಅತ್ತೆ

ಭಕ್ತಬಂಧುಗಳೇ,

ನನ್ನನ್ನು ಸಾಕಿದ ಸೋದರತ್ತೆ ಅನ್ನ ಬಿಟ್ಟಿದ್ದಾರೆಂಬ ಸುದ್ದಿ 1943ರ ಪುಷ್ಯಮಾಸದಲ್ಲಿ ಬಂತು. ಅತ್ತೆಗೆ ಕಣ್ಣು ಕಾಣುವುದಿಲ್ಲ. ಮಾವ ತೀರಿಕೊಂಡ ಮೇಲೆ ಮೇಗುಂದದಲ್ಲಿ ಮೈದುನನ ಮನೆಯಲ್ಲಿದ್ದರು. ನಾನು ಕೊಪ್ಪದ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ.

ಮೊದಲ ಸಲ ಹೋದಾಗ ಮೈದುನನ ಹೆಂಡತಿ, "ಅಕ್ಕನಿಗೆ ಇವತ್ತು ಉಪವಾಸ, ಮಾತಾಡ್ಸಬೇಡ ಮಾರಾಯ" ಎಂದರು. ಏಕಾದಶಿ, ಒಪ್ಪಿದೆ. ಎರಡನೆಯ ಸಲವೂ ಉಪವಾಸ. ಶನಿವಾರ, ಅದಕ್ಕೂ ಒಪ್ಪಿದೆ. ಅತ್ತೆಯ ಕೆನ್ನೆ ಒಳಸೇರಿತ್ತು. "ಹಸಿವೇ ಇಲ್ಲ ಅಂತಾರೆ, ನಾವೆಂತ ಮಾಡುವುದು?" ಎಂದು ಆಕೆ ಕಣ್ಣೊರೆಸಿಕೊಂಡರು.

ಶೃಂಗೇರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕಿಗ್ಗಕ್ಕೆ ನಡೆದು, ಅಲ್ಲಿನ ಶಿವಾಲಯದಲ್ಲಿ ಸ್ವಾಮಿಯ ಮುಂದೆ ನಿಂತು, "ಅತ್ತೆಗೆ ಹಸಿವು ಕೊಡಪ್ಪ" ಎಂದು ಬೇಡಿದೆ.

ಪ್ರಸಾದ ಹಿಡಿದು ಮೇಗುಂದಕ್ಕೆ ಬಂದರೆ ಅಂದೂ ಉಪವಾಸವಂತೆ. ಆದರೆ ಪ್ರಸಾದವನ್ನು ಬೇಡವೆನ್ನುವಂತಿಲ್ಲ; ಒಳಗೆ ಬಿಟ್ಟು ಆಕೆ ಕೊಟ್ಟಿಗೆಗೆ ಹೋದರು. ಅತ್ತೆಯ ಅಂಗೈಯಲ್ಲಿ ಬಿಲ್ವಪತ್ರೆಯನ್ನೂ ಕಾಯಿಚೂರನ್ನೂ ಇಟ್ಟೆ. ಎಂದಿನಂತೆ ಕಣ್ಣಿಗೊತ್ತಿಕೊಳ್ಳುತ್ತಾರೆಂದುಕೊಂಡೆ. ಎರಡನ್ನೂ ಒಟ್ಟಿಗೇ ಬಾಯಿಗೆ ಹಾಕಿ ಅಗಿದರು. ಎಲೆಯ ಒಗರಿಗೂ ಉಗುಳಲಿಲ್ಲ. ಸೆರಗು ಸರಿದಾಗ ತೋಳಿನಲ್ಲಿ ಬೆರಳುಗಳ ಗುರುತು ನೀಲಿಗಟ್ಟಿದ್ದು ಕಂಡಿತು.

ದಿನಚರಿ ಬರೆಯುವವನಾದ್ದರಿಂದ ತಿಥಿ ನನಗೆ ಬಾಯಲ್ಲೇ ಇರುತ್ತದೆ. ಅಂದು ಬುಧವಾರ, ಪಂಚಮಿ. ನಮ್ಮಲ್ಲಿ ಯಾವ ಉಪವಾಸವೂ ಇಲ್ಲದ ದಿನ.

"ಅತ್ತೆ, ಊಟ ಕೊಡುವುದಿಲ್ವಾ?"

"ಮೆಲ್ಲಗೆ ಮಾಣಿ. ತಿಂದರೆ ಬಯಲಕಡೆಗೆ ಕರ್ಕೊಂಡು ಹೋಗಬೇಕಲ್ಲ, ಅವಳಿಗೆ ಅದೊಂದು ಕೆಲಸ. ಕೇಳಿದರೆ ಕೈ ತಿರುಪುತ್ತಾಳೆ."

ಅತ್ತೆಯನ್ನು ಎಬ್ಬಿಸಿ ಹೊರಡಿಸಿದೆ. ಮೈದುನನ ಹೆಂಡತಿ ಕೊಟ್ಟಿಗೆಯಿಂದ ಓಡಿಬಂದು ಬಾಗಿಲಿಗೆ ಅಡ್ಡನಿಂತರು. "ಊರವರು ಎಂತ ಹೇಳ್ತಾರೆ?"

"ಅಕ್ಕನ ವ್ರತ ಮುಗೀತು ಅಂತ ನೀವೇ ಹೇಳಿ" ಎಂದೆ. ಆಕೆ ಸರಿದುನಿಂತರು.

ಜಯಪುರದಲ್ಲಿ ಇದ್ದಿಲಿನ ಬಸ್ಸು ಹತ್ತಿದೆವು; ಯುದ್ಧಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಏರಿನಲ್ಲಿ ಅದು ಎಳೆಯದೆ ಎಲ್ಲರೂ ಇಳಿದು ನಡೆಯಬೇಕಾಯಿತು. "ಅಮ್ಮ ಕೂತಿರಲಿ, ಅವರದೆಂತ ಭಾರ" ಎಂದ ಕಂಡಕ್ಟರು. ಕೊಪ್ಪದ ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷಿಸಿ, "ಕಾಯಿಲೆಯಿಲ್ಲ, ಹೊಟ್ಟೆಗಿಲ್ಲ ಅಷ್ಟೆ. ಸ್ವಲ್ಪಸ್ವಲ್ಪವೇ ಗಂಜಿ ಕೊಡಿ" ಎಂದರು.

ನಾನು ಹಸಿವು ಬೇಡಿದ್ದೆ. ಹಸಿವು ಅಲ್ಲೇ ಇತ್ತು; ಅದನ್ನು ಕಾಣುವ ಕಣ್ಣನ್ನು ಸ್ವಾಮಿ ನನಗೆ ಕೊಟ್ಟ. ಕೈಲಾಗದವರ ಪರವಾಗಿ ಬೇರೆಯವರು ಉತ್ತರ ಹೇಳಿದರೆ ಈಗ ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಕೂತು ಅವರನ್ನೇ ಕೇಳುತ್ತೇನೆ. ನೀವೂ ಕೇಳಿ.

ಕೊಪ್ಪದ ನನ್ನ ಬಿಡಾರಕ್ಕೆ ಬಂದ ಮೂರನೆಯ ವಾರ ಅತ್ತೆ ನನ್ನ ಅಡುಗೆಗೆ ಬೈಯಲು ಶುರುಮಾಡಿದರು. "ಇದು ಸಾರೋ, ಕೈ ತೊಳೆದ ನೀರೋ? ಇರಲಿ, ಇನ್ನೊಂದು ಸೌಟು ಬಡಿಸು." ನಾನು ಬಡಿಸಿ, ಒಲೆಯ ಮುಂದೆಯೇ ಕಿಗ್ಗದ ಕಡೆ ತಿರುಗಿ ಕೈಮುಗಿದೆ.